ಮೊಹಾಕ್ ಪಾರ್ಕಿನಲ್ಲಿ ಒಂದು ಶನಿವಾರ ರಾತ್ರಿ: ಗಾಡಿ ಕುದುರೆ, ಸಾರಥಿ ಮತ್ತು ಚಾಟಿಯ ಲೆಕ್ಕ

ಮಿಲ್ಟನ್ನಿನಲ್ಲಿರುವ ಮಗಳ ಮನೆಗೆ ಬಂದು ಮೂರು ತಿಂಗಳಾಗಿತ್ತು. ನಯಾಗರ ನೋಡಿಯಾಗಿತ್ತು, ಸಿಎನ್ ಟವರ್ ಹತ್ತಿಯಾಗಿತ್ತು, ಸುತ್ತಮುತ್ತಲ ದೇವಸ್ಥಾನಗಳ ಪುಳಿಯೋಗರೆಯಲ್ಲಿ ಯಾವುದು ಮೇಲು ಎಂಬ ತೀರ್ಮಾನವೂ ಮುಗಿದಿತ್ತು. ಸೆಪ್ಟೆಂಬರಿನ ಒಂದು ಶನಿವಾರ ಅಳಿಯ, "ಅತ್ತೆ, ಹತ್ತಿರದಲ್ಲೇ ಕುದುರೆ ರೇಸು ಇದೆ, ಪ್ರವೇಶ ಉಚಿತ. ಬರುತ್ತೀರಾ?" ಎಂದರು. ಮೈಸೂರಿನಲ್ಲಿ ನಲವತ್ತು ವರ್ಷ ಬದುಕಿ, ಚಾಮುಂಡಿ ಬೆಟ್ಟದ ಬುಡದ ರೇಸ್ ಕೋರ್ಸಿನ ಬೇಲಿಯನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದವಳು ನಾನು. ಪ್ರೌಢಶಾಲೆಯ ಗಣಿತದ ಮೇಡಂ ರೇಸಿಗೆ ಹೋದರೆಂದು ಯಾರಾದರೂ ಕಂಡುಬಿಟ್ಟರೆ ಎಂಬ ಭಯ. ಇಲ್ಲಿ ಕಾಣುವವರು ಯಾರಿದ್ದಾರೆ? ಹೊರಟೆ.

ವುಡ್‌ಬೈನ್ ಮೊಹಾಕ್ ಪಾರ್ಕ್ ಇರುವುದು ಕ್ಯಾಂಪ್‌ಬೆಲ್‌ವಿಲ್ ಎಂಬ ಪುಟ್ಟ ಊರಿನ ಪಕ್ಕ, 401ನೇ ಹೆದ್ದಾರಿ ಗ್ವೆಲ್ಫ್ ಲೈನ್ ರಸ್ತೆಯನ್ನು ದಾಟುವಲ್ಲಿ. ಮಿಲ್ಟನ್ ಕಡೆಯಿಂದ ಹತ್ತು-ಹದಿನೈದು ನಿಮಿಷದ ದಾರಿ. ಗಾಡಿ ನಿಲ್ಲಿಸುವುದಕ್ಕೂ ದುಡ್ಡಿಲ್ಲ, ಒಳಗೆ ಹೋಗುವುದಕ್ಕೂ ದುಡ್ಡಿಲ್ಲ. ಈ ದೇಶದಲ್ಲಿ ಎರಡೂ ಬಿಟ್ಟಿ ಸಿಗುವ ಮನರಂಜನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ, ಗ್ರಂಥಾಲಯ ಒಂದನ್ನು ಬಿಟ್ಟು. ಅದೇ ಕಟ್ಟಡದಲ್ಲಿ ಕ್ಯಾಸಿನೊ ಕೂಡ ಇದೆಯಾದ್ದರಿಂದ ಬಿಟ್ಟಿಯ ಗುಟ್ಟೇನು ಎಂದು ಕೇಳಬೇಕಾಗಿಲ್ಲ. ಕ್ಯಾಸಿನೊಗೆ ಹತ್ತೊಂಬತ್ತು ತುಂಬಿರಬೇಕು, ರೇಸಿನ ಮೇಲೆ ಹಣ ಕಟ್ಟಲು ಹದಿನೆಂಟು. ಒಂಬತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು ನಾವು ನೇರವಾಗಿ ಹೊರಗಿನ ಬೇಲಿಯ ಬಳಿ ಹೋಗಿ ನಿಂತೆವು. ಊಟ ಕಾರಿನಲ್ಲೇ ಆಗಿತ್ತು: ಸ್ಟೀಲ್ ಡಬ್ಬಿಯ ಚಿತ್ರಾನ್ನ. ಆದ್ದರಿಂದ ಒಳಗಿನ ಊಟದ ಮನೆಯ ಬಗ್ಗೆ ಈ ವಿಮರ್ಶೆಯಲ್ಲಿ ಏನನ್ನೂ ನಿರೀಕ್ಷಿಸಬೇಡಿ. ಆಲೂಗೆಡ್ಡೆಯ ಚಿಪ್ಸ್ ಮೊಮ್ಮಗ ತಿಂದ, ತಟ್ಟೆ ಖಾಲಿ ಮಾಡಿದ, ಅಷ್ಟೇ ಗೊತ್ತು.

ಈ ರೇಸು ನಮ್ಮ ಬೆಂಗಳೂರು, ಮೈಸೂರಿನ ರೇಸಿನಂತಲ್ಲ. ಇಲ್ಲಿ ಕುದುರೆಯ ಬೆನ್ನ ಮೇಲೆ ಯಾರೂ ಕೂರುವುದಿಲ್ಲ. ಎರಡು ಗಾಲಿಯ ಹಗುರವಾದ ಗಾಡಿ, ಅದರ ಮೇಲೆ ಕಾಲು ಚಾಚಿ ಕೂತ ಒಬ್ಬ ಸಾರಥಿ. ಅವರು ಡ್ರೈವರ್ ಎನ್ನುತ್ತಾರೆ. ಕುದುರೆ, ಗಾಡಿ, ಲಗಾಮು ಮೂರೂ ಇರುವ ಕಡೆ ನನ್ನ ಬಾಯಿಗೆ ಬರುವುದು ಸಾರಥಿ ಎಂಬ ಮಾತೇ. ಕುದುರೆಗಳು ನಾಗಾಲೋಟ ಓಡುವಂತಿಲ್ಲ. ಒಂದು ಬಗೆಯವು ಕುಕ್ಕುಲೋಟ ಹಾಕುತ್ತವೆ, ಮುಂದಿನ ಎಡಗಾಲಿನ ಜೊತೆ ಹಿಂದಿನ ಬಲಗಾಲು. ಇನ್ನೊಂದು ಬಗೆಯವು ಪೇಸರ್, ಒಂದೇ ಮಗ್ಗುಲಿನ ಎರಡೂ ಕಾಲುಗಳು ಒಟ್ಟಿಗೆ ಮುಂದೆ ಬರುತ್ತವೆ, ಒಂಟೆಯ ಹಾಗೆ ತೊನೆಯುತ್ತ. ಓಟದ ಮಧ್ಯೆ ಗತಿ ತಪ್ಪಿ ನಾಗಾಲೋಟಕ್ಕೆ ಬಿದ್ದರೆ ಸಾರಥಿ ಲಗಾಮು ಎಳೆದು, ಕುದುರೆಯನ್ನು ಪಕ್ಕಕ್ಕೆ ಸರಿಸಿ, ಮತ್ತೆ ಗತಿಗೆ ತರಬೇಕು. ಅಷ್ಟರಲ್ಲಿ ಉಳಿದವರು ಮುಂದೆ ಹೋಗಿರುತ್ತಾರೆ. ಅಂದರೆ ಈ ಆಟದ ಮೂಲದಲ್ಲೇ ಒಂದು ಬಿಗಿ ಇದೆ: ವೇಗವಾಗಿ ಓಡು, ಆದರೆ ಇದೇ ರೀತಿಯಲ್ಲಿ ಓಡು. ಗಣಿತದ ಮೇಷ್ಟ್ರುಗಳಿಗೆ ಇದು ತುಂಬ ಹಿಡಿಸುವ ಮಾತು. ಉತ್ತರ ಮಾತ್ರ ಸಾಲದು, ವಿಧಾನವೂ ಬೇಕು.

ಆರಂಭವೇ ಒಂದು ನೋಟ. ಎರಡೂ ಬದಿಗೆ ರೆಕ್ಕೆ ಚಾಚಿದ ಒಂದು ಮೋಟಾರು ಗಾಡಿ ಮುಂದೆ ಓಡುತ್ತದೆ, ಅದರ ರೆಕ್ಕೆಗೆ ಮೂಗು ತಾಗುವಷ್ಟು ಹತ್ತಿರದಲ್ಲಿ ಹತ್ತು ಕುದುರೆಗಳು ಸಾಲಾಗಿ ಓಡುತ್ತವೆ. ಗೆರೆ ಬರುತ್ತಿದ್ದಂತೆ ಗಾಡಿ ರೆಕ್ಕೆ ಮಡಚಿ ಮುಂದಕ್ಕೆ ಹಾರಿ ಪಕ್ಕಕ್ಕೆ ತಪ್ಪಿಸಿಕೊಳ್ಳುತ್ತದೆ. ಮೊಮ್ಮಗ ಮೊದಲ ಮೂರು ರೇಸಿನಲ್ಲಿ ಕುದುರೆಯನ್ನು ನೋಡಲೇ ಇಲ್ಲ, ಆ ಗಾಡಿಯನ್ನೇ ನೋಡಿದ. ಇಲ್ಲಿನ ಒಂದು ಸುತ್ತು ಮೈಲಿಯ ಎಂಟನೇ ಏಳು ಭಾಗ, ಓಟ ಒಂದು ಮೈಲಿ. ಹೀಗಾಗಿ ಪೂರ್ತಿ ಒಂದು ಸುತ್ತು, ಮೇಲೆ ಒಂದಿಷ್ಟು. ಎರಡು ನಿಮಿಷದ ಒಳಗೆ ಎಲ್ಲ ಮುಗಿಯುತ್ತದೆ. ಮೈಲಿಗೆ ಒಂದು ನಿಮಿಷ ಐವತ್ತೆರಡು ಸೆಕೆಂಡು ಎಂದರೆ ಗಂಟೆಗೆ ಐವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು, ಲೆಕ್ಕ ಹಾಕಿ ನೋಡಿ. 2022ರಲ್ಲಿ ಬುಲ್‌ಡಾಗ್ ಹ್ಯಾನೋವರ್ ಎಂಬ ಕುದುರೆ ನ್ಯೂಜೆರ್ಸಿಯ ಮೆಡೊಲ್ಯಾಂಡ್ಸ್‌ನಲ್ಲಿ 1 ನಿಮಿಷ 45 4/5 ಸೆಕೆಂಡಿನಲ್ಲಿ ಮೈಲಿ ಓಡಿದ್ದನ್ನು ಇಲ್ಲಿನವರು ತಮ್ಮ ಮನೆಯ ಮಗನ ರ‍್ಯಾಂಕಿನಂತೆ ಹೇಳಿಕೊಳ್ಳುತ್ತಾರೆ. ಅದರ ಮಾಲೀಕರು ಓಂಟಾರಿಯೊದವರು.

ನನ್ನ ಕಣ್ಣು ಮಾತ್ರ ಮೊದಲಿನಿಂದಲೂ ಹೋದದ್ದು ಸಾರಥಿಯ ಬಲಗೈಗೆ. ಅದಕ್ಕೊಂದು ಕಾರಣವಿದೆ.

ನಾನು ಚಿಕ್ಕವಳಿದ್ದಾಗ ನಜರ್‌ಬಾದಿನ ನಮ್ಮ ಮನೆಯಿಂದ ರೈಲ್ವೆ ನಿಲ್ದಾಣಕ್ಕೆ ಹೋಗುವುದೆಂದರೆ ಜಟಕಾದಲ್ಲಿ. ಒಬ್ಬರೇ ಸಾಬರು, ಒಂದೇ ಕುದುರೆ, ವರ್ಷಗಟ್ಟಲೆ. ಲಗಾಮು ಎರಡನ್ನೂ ಸೇರಿಸಿ ಎಡಗೈಯಲ್ಲಿ ಹಿಡಿಯುತ್ತಿದ್ದರು, ಬಲಗೈಯಲ್ಲಿ ಚಾಟಿ. ಆ ಚಾಟಿ ಕುದುರೆಯ ಮೈಮೇಲೆ ಬಿದ್ದದ್ದನ್ನು ನಾನು ಹೆಚ್ಚು ನೋಡಲಿಲ್ಲ. ಅವರು ಅದರ ಹಿಡಿಯನ್ನು ತಿರುಗುವ ಗಾಲಿಯ ಕಡ್ಡಿಗಳಿಗೆ ಒಡ್ಡುತ್ತಿದ್ದರು. ಕಟಕಟಕಟ ಎಂದು ಸದ್ದು ಏಳುತ್ತಿತ್ತು, ಕುದುರೆ ಕಿವಿ ನೆಟ್ಟಗೆ ಮಾಡಿ ಓಡುತ್ತಿತ್ತು, ರಸ್ತೆಯಲ್ಲಿ ನಿಂತವರೂ ಸರಿಯುತ್ತಿದ್ದರು. ಒಂದು ಕೋಲು, ಎರಡು ಕೆಲಸ. ಅಪ್ಪ ಒಮ್ಮೆ ರೈಲು ತಪ್ಪುವ ಗಾಬರಿಯಲ್ಲಿ "ಎರಡು ಬಾರಿಸಿ ಸಾಬರೇ" ಎಂದದ್ದಕ್ಕೆ ಅವರು ತಿರುಗಿಯೂ ನೋಡದೆ, "ಹೊಡೆದರೆ ಇವತ್ತು ಓಡುತ್ತದೆ ಸ್ವಾಮಿ, ನಾಳೆ ನನ್ನ ಕೈ ನೋಡಿದರೆ ನಿಂತುಬಿಡುತ್ತದೆ" ಎಂದಿದ್ದರು. ರೈಲು ಸಿಕ್ಕಿತು. ಸಿಗದಿದ್ದರೂ ಈ ಮಾತು ನೆನಪಿರುತ್ತಿತ್ತು.

ಹಾಗಾಗಿ ಮೊಹಾಕ್ ಪಾರ್ಕಿನ ಬೇಲಿಯಲ್ಲಿ ನಾಲ್ಕನೇ ರೇಸಿನ ಕೊನೆಯ ತಿರುವು ದಾಟಿ ಕುದುರೆಗಳು ನಮ್ಮೆದುರಿಗೆ ಬಂದಾಗ ಕೇಳಿದ ಸದ್ದಿಗೆ ನನ್ನ ಮೈ ಜುಮ್ಮೆಂದಿತು. ಚಟ್, ಚಟ್, ಚಟ್. ಚರ್ಮದ ಸದ್ದಲ್ಲ, ಗಟ್ಟಿ ವಸ್ತುವಿನ ಮೇಲೆ ಬೀಳುವ ಸದ್ದು. ಪಕ್ಕದಲ್ಲಿ ಬಹಳ ವರ್ಷ ಕುದುರೆ ಲಾಯದಲ್ಲಿ ಆರೈಕೆಯ ಕೆಲಸ ಮಾಡಿದ್ದ ಒಬ್ಬ ಮುದುಕರು ನಿಂತಿದ್ದರು. ನನ್ನ ಪ್ರಶ್ನೆಗೆ ಅವರು ನಕ್ಕು, "ಗಾಡಿಯ ಮೂಕಿಗೆ ಹೊಡೆಯುತ್ತಿದ್ದಾನೆ, ಕುದುರೆಗಲ್ಲ" ಎಂದರು. ಮೂಕಿ ಎಂದರೆ ಗಾಡಿಯಿಂದ ಕುದುರೆಯ ಮಗ್ಗುಲಿಗೆ ಚಾಚಿದ ಉದ್ದನೆಯ ದಂಡ. ಅಷ್ಟೇ ಅಲ್ಲ. ಕೆಲವು ಕುದುರೆಗಳ ಕಿವಿಗೆ ಬೆಣೆ ತುರುಕಿರುತ್ತಾರೆ, ಅದಕ್ಕೊಂದು ದಾರ. ಕೊನೆಯ ಓಟದಲ್ಲಿ ಸಾರಥಿ ದಾರ ಎಳೆದಾಗ ಬೆಣೆ ಕಿತ್ತು ಬರುತ್ತದೆ, ಅದುವರೆಗೆ ಸದ್ದಿಲ್ಲದ ಜಗತ್ತಿನಲ್ಲಿದ್ದ ಕುದುರೆಗೆ ಇದ್ದಕ್ಕಿದ್ದಂತೆ ಗೊರಸು, ಗಾಲಿ, ಜನ, ಚಾಟಿ ಎಲ್ಲದರ ಸದ್ದೂ ಒಮ್ಮೆಗೇ ಬಂದು ಬಡಿಯುತ್ತದೆ. ನಮ್ಮ ಸಾಬರಿಗೆ ಈ ಉಪಾಯ ಹೊಳೆದಿರಲಿಲ್ಲ. ಗಾಲಿಯ ಕಡ್ಡಿಗೆ ಕೋಲು ಒಡ್ಡುವ ಅವರ ಉಪಾಯ ಇಲ್ಲಿ ನಡೆಯುವುದೂ ಇಲ್ಲ, ಏಕೆಂದರೆ ಗಾಲಿಗಳಿಗೆ ಎರಡೂ ಕಡೆ ಮುಚ್ಚಳ ಹಾಕಿರುತ್ತಾರೆ.

ಮುದುಕರು ನನಗೆ ಇನ್ನೊಂದು ಕಲಿಸಿದರು. "ಚಾಟಿ ನೋಡಬೇಡಿ, ಮೊಣಕೈ ನೋಡಿ" ಎಂದರು. ಮೇಲೆ ಕೂತ ತೀರ್ಪುಗಾರರು ನೋಡುವುದೂ ಅದನ್ನೇ ಅಂತೆ.

ಓಂಟಾರಿಯೊದ ನಿಯಮವನ್ನು ಆಮೇಲೆ ಅಳಿಯನ ಲ್ಯಾಪ್‌ಟಾಪಿನಲ್ಲಿ ಕೂತು ಓದಿದೆ. ಈ ಪ್ರಾಂತ್ಯದಲ್ಲಿ ರೇಸನ್ನು ನಿಯಂತ್ರಿಸುವುದು 2016ರಿಂದ ಎಜಿಸಿಒ ಎಂಬ ಸರ್ಕಾರಿ ಆಯೋಗ. ಮದ್ಯ ಮತ್ತು ಜೂಜು ಎರಡನ್ನೂ ನೋಡಿಕೊಳ್ಳುವುದು ಅದೇ. ನಿಯಮದ ಸಾರ ಸರಳ. ಓಟದ ಆರಂಭದಿಂದ ಕೊನೆಯವರೆಗೆ ಎರಡು ಕೈಯಲ್ಲೂ ಒಂದೊಂದು ಲಗಾಮು ಇರಬೇಕು. ಚಾಟಿ ಬೀಸುವುದು ಮಣಿಕಟ್ಟಿನಿಂದ, ತೋಳು ಎತ್ತಿ ಅಲ್ಲ. ಮೂಕಿಯ ಕೆಳಗೆ ಚಾಟಿ ತೂರಿಸಿ ಹೊಟ್ಟೆಯ ಕಡೆ, ತೊಡೆಯ ಸಂದಿಗೆ ಹೊಡೆಯುವಂತಿಲ್ಲ. ಗೆಲ್ಲುವ ಸಾಲಿನಲ್ಲಿಲ್ಲದ ಕುದುರೆಗೆ, ಎಷ್ಟು ಹೇಳಿದರೂ ಇನ್ನು ಓಡಲಾರದ ಕುದುರೆಗೆ ಹೊಡೆಯುವಂತಿಲ್ಲ. ಗೆರೆ ದಾಟಿದ ಮೇಲಂತೂ ಇಲ್ಲವೇ ಇಲ್ಲ. ಕಾಲು ಗಾಡಿಯ ರಿಕಾಪಿನಲ್ಲೇ ಇರಬೇಕು, ಕುದುರೆಯನ್ನು ಒದೆಯಬಾರದು. ಮೈಮೇಲೆ ಬರೆ ಎದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಇದರಲ್ಲಿ ಮೊದಲನೆಯದನ್ನು ಓದಿದಾಗ ಯಾರು ಬರೆದರೋ ಅವರಿಗೆ ಮನಸ್ಸಿನಲ್ಲೇ ಪೂರ್ಣಾಂಕ ಕೊಟ್ಟೆ. ಎಷ್ಟು ಜೋರಾಗಿ ಹೊಡೆಯಬಾರದು ಎಂದು ಬರೆದಿದ್ದರೆ ಅದು ದಿನಬೆಳಗಾದರೆ ವಾದಕ್ಕೆ ದಾರಿ. ಜೋರು ಎಂದರೆ ಎಷ್ಟು, ಯಾರ ಅಳತೆಯಲ್ಲಿ? ಎರಡೂ ಕೈಗೆ ಲಗಾಮು ಕಟ್ಟಿಹಾಕಿದರೆ ಸಾಕು, ತೋಳು ತಾನಾಗಿಯೇ ಮೇಲೇಳಲಾರದು. ಬಲಗೈ ಎತ್ತಿದರೆ ಬಲಲಗಾಮು ಎಳೆದುಕೊಂಡು ಕುದುರೆಯ ಬಾಯಿ ತಿರುಗುತ್ತದೆ, ಗತಿ ತಪ್ಪುತ್ತದೆ, ಸೋಲುತ್ತಾನೆ. ಜೋರಾಗಿ ಹೊಡೆಯಬೇಕೆಂದರೆ ಎರಡೂ ಲಗಾಮನ್ನು ಒಂದೇ ಕೈಗೆ ಸೇರಿಸಬೇಕು, ಹಾಗೆ ಸೇರಿಸಿದ ಕ್ಷಣವೇ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದ. ನೋವು ಕ್ಯಾಮೆರಾಕ್ಕೆ ಕಾಣುವುದಿಲ್ಲ, ಲಗಾಮು ಕಾಣುತ್ತದೆ. ಕಾಣುವುದನ್ನೇ ನಿಯಮ ಮಾಡಿದ್ದಾರೆ. (ನಮ್ಮ ಸಾಬರು, ಕುದುರೆಗೆ ಹೊಡೆಯದ ಆ ಸಾಬರು, ಎರಡೂ ಲಗಾಮನ್ನು ಎಡಗೈಯಲ್ಲಿ ಹಿಡಿಯುತ್ತಿದ್ದ ಅಪರಾಧಕ್ಕೆ ಇಲ್ಲಿ ದಿನಕ್ಕೆ ಹತ್ತು ಬಾರಿ ದಂಡ ಕಟ್ಟುತ್ತಿದ್ದರು ಎಂಬುದೂ ನಿಜ. ಎಲ್ಲ ನಿಯಮಕ್ಕೂ ಒಬ್ಬ ಸಾಬರು ಇರುತ್ತಾರೆ.)

ನಿಯಮ ಚೆನ್ನಾಗಿದೆ. ತಪ್ಪಿದವನಿಗೆ ಏನಾಗುತ್ತದೆ ಎಂಬಲ್ಲಿ ನನಗೆ ತಕರಾರಿದೆ.

ಅದನ್ನು ಕಣ್ಣಾರೆ ಕಂಡದ್ದು ಮೊಹಾಕ್ ಪಾರ್ಕಿನಲ್ಲಲ್ಲ, ಎರಡು ವಾರದ ನಂತರ ಇನ್ನೊಂದು ಊರಿನ ಅರ್ಧ ಮೈಲಿ ಸುತ್ತಿನ ಸಣ್ಣ ಟ್ರ್ಯಾಕಿನಲ್ಲಿ. ಹೆಸರು ಬೇಡ. ರುಚಿ ಹತ್ತಿತ್ತು, ನಾನೇ ಹೋಗೋಣ ಎಂದಿದ್ದೆ. ಸಣ್ಣ ಸುತ್ತು, ತಿರುವುಗಳು ಬಿಗಿ, ಬೇಲಿಯಿಂದ ಕುದುರೆ ಹತ್ತು ಅಡಿ ದೂರ. ಕೊನೆಯ ನೇರ ಓಟದಲ್ಲಿ ಹಸಿರು ಅಂಗಿಯ ಸಾರಥಿಯೊಬ್ಬ ಎರಡನೆಯವನಾಗಿದ್ದ. ಇನ್ನೇನು ಅರವತ್ತು ಎಪ್ಪತ್ತು ಗಜ. ಅವನ ಬಲಗೈಯ ಲಗಾಮು ಎಡಗೈಗೆ ಜಾರಿದ್ದನ್ನು ನಾನು ನೋಡಿದೆ. ಮೊಣಕೈ ಭುಜಕ್ಕೆ ಸಮನಾಗಿ ಎದ್ದಿತು. ಒಂದು. ಎರಡು. ಮೂರು. ಈ ಸಲ ಕೇಳಿದ್ದು ಮೂಕಿಯ ಸದ್ದಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ. ಕುದುರೆ ಬಾಲವನ್ನು ಒಳಕ್ಕೆ ಸೇರಿಸಿಕೊಂಡಿತು, ಹಿಂದಿನ ಭಾಗ ಒಂದಿಷ್ಟು ಕುಗ್ಗಿತು, ತಲೆ ಅಡ್ಡಕ್ಕೆ ಹೋಯಿತು. ಆದರೂ ಮೂಗಿನಷ್ಟು ಅಂತರದಲ್ಲಿ ಗೆದ್ದಿತು. ಮೊಮ್ಮಗ "ಅಜ್ಜಿ, ಅವನು ಮೋಸ ಮಾಡಿದ" ಎಂದು ಕೂಗಿದ. ಸುತ್ತಲಿನವರು ನಮ್ಮ ಕಡೆ ತಿರುಗಿ ನೋಡಿದರು, ಕೆಲವರು ನಕ್ಕರು. ಅವರ ಕೈಯಲ್ಲಿ ಗೆದ್ದ ಚೀಟಿ ಇದ್ದಿರಬೇಕು.

ನಾವು ಕಾದೆವು. ಒಂದು ಕುದುರೆ ಇನ್ನೊಂದರ ದಾರಿಗೆ ಅಡ್ಡ ಬಂದರೆ ಫಲಕದಲ್ಲಿ ವಿಚಾರಣೆಯ ದೀಪ ಹತ್ತುತ್ತದೆ, ತೀರ್ಪುಗಾರರು ವಿಡಿಯೊ ನೋಡುತ್ತಾರೆ, ತಪ್ಪಿದ್ದರೆ ಆ ಕುದುರೆಯನ್ನು ಹಿಂದಿನ ಸ್ಥಾನಕ್ಕೆ ತಳ್ಳುತ್ತಾರೆ. ಇಲ್ಲಿ ದೀಪ ಹತ್ತಲಿಲ್ಲ. ಐದು ನಿಮಿಷಕ್ಕೆ ಫಲಿತಾಂಶ ಅಧಿಕೃತವಾಯಿತು, ಹಣ ಹಂಚಿದರು, ಗೆದ್ದವರ ಫೋಟೊ ತೆಗೆದರು, ಹಸಿರು ಅಂಗಿಯವನು ಕುದುರೆಯ ಕುತ್ತಿಗೆ ತಟ್ಟಿ ನಗುತ್ತ ನಿಂತ. ಧ್ವನಿವರ್ಧಕದಲ್ಲಿ ಒಂದು ಮಾತೂ ಇಲ್ಲ.

ಕೆಲವು ದಿನದ ಮೇಲೆ ಅಳಿಯ ಆಯೋಗದ ಜಾಲತಾಣದಲ್ಲಿ ಹುಡುಕಿ ತೋರಿಸಿದರು. ತೀರ್ಪು ಇತ್ತು. ಹೆಸರು, ಯಾವ ರೇಸು, ಯಾವ ನಿಯಮ, ಎಷ್ಟು ಡಾಲರ್ ದಂಡ, ಎಷ್ಟು ದಿನ ಗಾಡಿ ಹತ್ತುವಂತಿಲ್ಲ, ಎಲ್ಲವೂ. ಅಂದರೆ ತೀರ್ಪುಗಾರರು ನೋಡಿದ್ದರು. ಮೊಮ್ಮಗ ಹೇಳಿದ್ದು ಸರಿ ಎಂದು ಒಪ್ಪಿದ್ದರು. ಆದರೆ ಅಂದು ಸಂಜೆ ಬೇಲಿಯಲ್ಲಿ ನಿಂತಿದ್ದ ಆ ಹುಡುಗನಿಗೆ ಅದನ್ನು ಹೇಳುವವರು ಇರಲಿಲ್ಲ. ತಪ್ಪು ಎಲ್ಲರೆದುರಿಗೆ, ಶಿಕ್ಷೆ ಕಡತದಲ್ಲಿ. ಶಾಲೆಯಲ್ಲಿ ನಾವು ಇದಕ್ಕೆ ತಿರುವುಮುರುವು ಮಾಡುತ್ತಿದ್ದೆವು, ಅದೂ ಸರಿಯಲ್ಲ ಎಂದು ನಿವೃತ್ತಿಯ ಹೊತ್ತಿಗೆ ಗೊತ್ತಾಯಿತು, ಆ ಮಾತು ಬೇರೆ.

ಈಗ ದಂಡದ ಲೆಕ್ಕಕ್ಕೆ ಬರೋಣ. ಬಹುಮಾನದ ಅರ್ಧ ಗೆದ್ದ ಕುದುರೆಗೆ, ಎರಡನೆಯದಕ್ಕೆ ಕಾಲು ಭಾಗ. ಕುದುರೆ ಗಳಿಸಿದ್ದರಲ್ಲಿ ನೂರಕ್ಕೆ ಐದು ಸಾರಥಿಗೆ, ಐದು ತರಬೇತುದಾರನಿಗೆ, ಉಳಿದದ್ದು ಮಾಲೀಕನಿಗೆ. ಹನ್ನೆರಡು ಸಾವಿರ ಡಾಲರಿನ ರೇಸು ಎಂದಿಟ್ಟುಕೊಳ್ಳಿ. ಗೆದ್ದರೆ ಸಾರಥಿಗೆ ಮುನ್ನೂರು, ಎರಡನೆಯವನಾದರೆ ನೂರೈವತ್ತು. ಚಾಟಿಯ ತಪ್ಪಿಗೆ ಮುನ್ನೂರು ದಂಡ ಎಂದುಕೊಂಡರೆ ಆ ಗೆಲುವು ಸೊನ್ನೆ. ನೂರೈವತ್ತು ಇಟ್ಟುಕೊಂಡು ಎರಡನೆಯವನಾಗಿ ಮನೆಗೆ ಹೋಗುವುದೇ ಲಾಭ. ಈಗ ಮೊಹಾಕ್ ಪಾರ್ಕಿನಲ್ಲೇ ಜೂನ್ ತಿಂಗಳಲ್ಲಿ ನಡೆಯುವ ನಾರ್ತ್ ಅಮೆರಿಕ ಕಪ್ ತೆಗೆದುಕೊಳ್ಳಿ. ಮೂರು ವರ್ಷದ ಪೇಸರ್‌ಗಳಿಗೆ, ಬಹುಮಾನ ಹತ್ತು ಲಕ್ಷ ಕೆನಡಾ ಡಾಲರ್. ಗೆದ್ದ ಕುದುರೆಗೆ ಐದು ಲಕ್ಷ, ಸಾರಥಿಗೆ ಇಪ್ಪತ್ತೈದು ಸಾವಿರ. ಎರಡನೆಯವನಿಗೆ ಹನ್ನೆರಡೂವರೆ ಸಾವಿರ. ನಡುವಿನ ಅಂತರ ಹನ್ನೆರಡೂವರೆ ಸಾವಿರ. ಅದೇ ಮುನ್ನೂರು ಡಾಲರ್ ಇಲ್ಲಿ ದಂಡವಲ್ಲ, ಟೋಲ್. ಕಟ್ಟಿ ಮುಂದೆ ಹೋಗುವುದು. ಹಣದ ದಂಡ ಚಿಕ್ಕ ಊರಿನ ಬಡ ಸಾರಥಿಯನ್ನು ತಿದ್ದುತ್ತದೆ, ದೊಡ್ಡ ಕಪ್ಪಿನ ಸಾರಥಿಯನ್ನು ತಟ್ಟುವುದೇ ಇಲ್ಲ. ಆದ್ದರಿಂದ ದೊಡ್ಡ ರೇಸಿಗೆ ದೊಡ್ಡ ಶಿಕ್ಷೆ ಇರಲೇಬೇಕು.

ಹಾಗಾಗಿ ಅವರಿಗೆ ನಿಜವಾಗಿ ಉರಿ ಹತ್ತಿಸುವುದು ದಿನಗಳ ಅಮಾನತು. ಬೇಡಿಕೆಯ ಸಾರಥಿ ಒಂದೇ ರಾತ್ರಿಯಲ್ಲಿ ಏಳೆಂಟು ಗಾಡಿ ಹತ್ತುತ್ತಾನೆ. ಐದು ದಿನ ಮನೆಯಲ್ಲಿ ಕೂತರೆ ಕೈತಪ್ಪುವುದು ಆ ಐದು ದಿನದ ದುಡಿಮೆ ಮಾತ್ರವಲ್ಲ, ಆ ಕುದುರೆಗಳ ಗಾಡಿಯಲ್ಲಿ ಬೇರೆಯವನು ಕೂತು ಗೆದ್ದುಬಿಟ್ಟರೆ ಮಾಲೀಕ ಅವನನ್ನೇ ಉಳಿಸಿಕೊಳ್ಳುತ್ತಾನೆ. ಬೇಲಿಯ ಮುದುಕರು ಹೇಳಿದ್ದು ಇದನ್ನೇ: "ದುಡ್ಡು ಕೇಳಿದರೆ ನಗುತ್ತಾರೆ, ದಿನ ಕೇಳಿದರೆ ವಕೀಲರನ್ನು ಹುಡುಕುತ್ತಾರೆ." ಮೇಲ್ಮನವಿಗೆ ಇಲ್ಲಿ ಬೇರೆಯದೇ ಮಂಡಳಿ ಇದೆ. ತಪ್ಪು ಮರುಕಳಿಸಿದಷ್ಟೂ ಶಿಕ್ಷೆ ಏರುತ್ತ ಹೋಗುವ ಕ್ರಮವನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಒಮ್ಮೆ ಕೈ ತಪ್ಪುವುದು ಬೇರೆ, ತಿಂಗಳಿಗೊಮ್ಮೆ ತಪ್ಪುವುದು ಬೇರೆ.

ಆದರೆ ಕುದುರೆಯ ಗೆಲುವು? ಚಾಟಿಯ ತಪ್ಪಿಗೆ ಸಾಮಾನ್ಯವಾಗಿ ಸ್ಥಾನ ಹೋಗುವುದಿಲ್ಲ. ನಕಲು ಮಾಡಿದ ಹುಡುಗನಿಗೆ ಐವತ್ತು ರೂಪಾಯಿ ದಂಡ ಹಾಕಿ ಅಂಕ ಉಳಿಸಿದಂತೆ. ಇದನ್ನು ಮುದುಕರ ಮುಂದೆ ಹೇಳಿದಾಗ ಅವರು ತಲೆಯಾಡಿಸಲಿಲ್ಲ. ಕುದುರೆಯನ್ನು ಸಾಕಿದವಳು ಬೆಳಗಿನ ನಾಲ್ಕಕ್ಕೆ ಎದ್ದು ಅದರ ಕಾಲಿಗೆ ಪಟ್ಟಿ ಸುತ್ತಿದವಳು, ಅವಳೇನು ಮಾಡಿದಳು, ಎರಡು ಡಾಲರ್ ಕಟ್ಟಿದವನೇನು ಮಾಡಿದ, ಒಬ್ಬನ ತೋಳಿಗೆ ಅವರೆಲ್ಲ ಏಕೆ ತೆರಬೇಕು ಎಂದರು. ಮಾತಿನಲ್ಲಿ ಸತ್ಯವಿತ್ತು. ಆದರೂ ಬ್ರಿಟನ್ನಿನ ಸವಾರಿ ರೇಸುಗಳಲ್ಲಿ 2023ರಿಂದ, ಗೊತ್ತುಪಡಿಸಿದ ಮಿತಿಗಿಂತ ನಾಲ್ಕು ಅಥವಾ ಅದಕ್ಕೂ ಹೆಚ್ಚು ಬಾರಿ ಚಾಟಿ ಬೀಸಿದರೆ ಕುದುರೆಯನ್ನೇ ಅನರ್ಹ ಮಾಡುತ್ತಾರೆ. ಅಲ್ಲಿಯೂ ಕಾಲಿಗೆ ಪಟ್ಟಿ ಸುತ್ತಿದವರು ಇದ್ದಾರೆ. ಗೆಲುವೇ ಕೈತಪ್ಪುತ್ತದೆ ಎಂದು ಗೊತ್ತಾದರೆ ಮಾಲೀಕನೇ ಸಾರಥಿಯ ಕೈ ಹಿಡಿದು ತಡೆಯುತ್ತಾನೆ ಎಂಬುದು ನನ್ನ ಲೆಕ್ಕ. ಮೂಗಿನ ಅಂತರದ ಗೆಲುವಿಗಂತೂ ನಾನು ಸ್ಥಾನ ಕಳೆದೇ ಬಿಡುತ್ತಿದ್ದೆ. ಆ ಮೂರು ಏಟು ಬಿಟ್ಟರೆ ಮೂಗು ಎಲ್ಲಿರುತ್ತಿತ್ತು?

ಚಾಟಿಯೇ ಏಕೆ ಬೇಕು ಎಂದು ಕೇಳುವವರೂ ಇದ್ದಾರೆ. ನಾರ್ವೆಯ ಗಾಡಿ ರೇಸಿನಲ್ಲಿ ಅದಿಲ್ಲ, ಆದರೂ ಅಲ್ಲಿ ಕುದುರೆಗಳು ಓಡುತ್ತವೆ. ಆಸ್ಟ್ರೇಲಿಯಾದ ಗಾಡಿ ರೇಸಿನ ಸಂಸ್ಥೆ 2016ರ ಡಿಸೆಂಬರಿನಲ್ಲಿ, ಮುಂದಿನ ಸೆಪ್ಟೆಂಬರ್ 1ರಿಂದ ಚಾಟಿ ಸಂಪೂರ್ಣ ನಿಷೇಧ ಎಂದು ಘೋಷಿಸಿ, ಸಾರಥಿಗಳ ಗದ್ದಲಕ್ಕೆ ಹಿಂದೆ ಸರಿದು, ಬೀಸುವ ರೀತಿಗೆ ಮಾತ್ರ ಕಡಿವಾಣ ಹಾಕಿತು. ಕುದುರೆಯ ಚರ್ಮ ದಪ್ಪ, ನೋವಾಗದು ಎಂಬ ಹಳೆಯ ವಾದವನ್ನು ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಮನುಷ್ಯನ ಚರ್ಮದ ಜೊತೆ ಅಕ್ಕಪಕ್ಕ ಇಟ್ಟು ನೋಡಿ ಅಲ್ಲಗಳೆದಿದ್ದಾರೆ. ನಮ್ಮ ಕರಾವಳಿಯ ಕಂಬಳವೂ ಇದೇ ಪ್ರಶ್ನೆಯ ಸುತ್ತ ನ್ಯಾಯಾಲಯಗಳನ್ನು ಸುತ್ತಿ, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಿಂದ ಒಪ್ಪಿಗೆ ಪಡೆಯಿತು. ಕೋಣ ಓಡಿಸಬಾರದೆ ಎಂಬುದಕ್ಕಿಂತ ಓಡಿಸುವವನ ಕೈಯ ಬೆತ್ತವೇ ಅಲ್ಲೂ ಮುಖ್ಯ ತಲೆನೋವು. ಒಂದು ಅಂಗ ಎಲ್ಲೆಲ್ಲೂ ತೊಂದರೆ ಕೊಡುತ್ತದೆ, ಬಲಗೈ.

ಮೊಹಾಕ್ ಪಾರ್ಕಿಗೆ ವಾಪಸು ಬರುತ್ತೇನೆ, ವಿಮರ್ಶೆ ಅದರದ್ದು. ಆ ಮೇಲೆ ಎರಡು ಸಲ ಹೋಗಿದ್ದೇನೆ. ದೊಡ್ಡ ಸುತ್ತಾದ್ದರಿಂದ ಕೊನೆಯ ನೇರ ಓಟ ಉದ್ದ, ಕುದುರೆಗೆ ತನ್ನ ಕಾಲಿನ ಮೇಲೆ ಗೆಲ್ಲಲು ಜಾಗವಿದೆ. ನಾನು ನಿಂತು ನೋಡಿದ ಮೂರು ರಾತ್ರಿಗಳಲ್ಲಿ ಬಹುಪಾಲು ಸಾರಥಿಗಳು ಮಣಿಕಟ್ಟನ್ನಷ್ಟೇ ಆಡಿಸಿದರು, ಬಹುಪಾಲು ಏಟು ಮೂಕಿಗೋ ಕುದುರೆಯ ಬೆನ್ನಿನ ದಪ್ಪ ಗಾದಿಗೋ ಬಿತ್ತು. ಒಬ್ಬ ಸಾರಥಿಯಂತೂ ಚಾಟಿಯನ್ನು ಕೊನೆಯವರೆಗೂ ಸುಮ್ಮನೆ ಮುಂದಕ್ಕೆ ಚಾಚಿ ಹಿಡಿದಿದ್ದ, ಬರೀ ಬಾಯಲ್ಲಿ ಏನೋ ಕೂಗುತ್ತಿದ್ದ. ಗೆದ್ದ. ಆ ರೇಸಿನಲ್ಲಿ ನಾನು ಎರಡು ಡಾಲರ್ ಕಟ್ಟಿದ್ದೆ, ಬೇರೆ ಕುದುರೆಯ ಮೇಲೆ. ಪ್ರತಿ ಬಾಜಿಯಲ್ಲೂ ನೂರಕ್ಕೆ 0.8ರಷ್ಟು ಕೇಂದ್ರ ಸರ್ಕಾರಕ್ಕೆ ಹೋಗುತ್ತದೆ ಎಂದು ಓದಿದ್ದರಿಂದ, ಕೆನಡಾದ ಬೊಕ್ಕಸಕ್ಕೆ ನನ್ನ ಕಾಣಿಕೆ ಒಂದು ಸೆಂಟು ಆರು ಹತ್ತಾಂಶ.

ಹೋಗುವವರಿಗೆ ಎರಡು ಮಾತು. ಸಂಜೆ ಏಳರ ಹೊತ್ತಿಗೆ ತಲುಪಿದರೆ ಮೊದಲ ಕೆಲವು ರೇಸು ಸಿಗುತ್ತವೆ. ಸೆಪ್ಟೆಂಬರಿನಲ್ಲೇ ಒಂಬತ್ತಾದರೆ ಚಳಿ ಮೂಳೆಗೆ ಇಳಿಯುತ್ತದೆ, ಸೀರೆ ಉಡುವವರು ಒಳಗೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಹೋಗಿ. ಗೆಲುವಿನ ಗೆರೆಯ ಎದುರಿಗೆ ಎಲ್ಲರೂ ಗುಂಪುಗೂಡುತ್ತಾರೆ, ಅಲ್ಲಿ ನಿಲ್ಲಬೇಡಿ. ಗೆರೆಗಿಂತ ನೂರು ಹೆಜ್ಜೆ ಹಿಂದೆ, ತಿರುವಿನ ಕಡೆಗೆ ನಡೆದು ನಿಲ್ಲಿ. ಯಾರು ಗೆದ್ದರೆಂದು ಕಾಣುವುದಿಲ್ಲ, ಅದನ್ನು ಫಲಕ ಹೇಳುತ್ತದೆ. ಚಾಟಿ ಎಲ್ಲಿ ಬೀಳುತ್ತಿದೆ ಎಂಬುದು ಅಲ್ಲಿ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಮೊಮ್ಮಗ ಈಗ ಕಣ್ಣು ಮುಚ್ಚಿಕೊಂಡೇ "ಮೂಕಿ, ಮೂಕಿ, ಗಾದಿ, ಮೂಕಿ" ಎಂದು ಹೇಳುತ್ತಾನೆ. ಮನೆಗೆ ಬಂದು ತನ್ನ ಸೈಕಲ್ಲಿನ ಹಿಂದಿನ ಗಾಲಿಗೆ ಐಸ್‌ಕ್ರೀಮಿನ ಕಡ್ಡಿ ಸಿಕ್ಕಿಸಿ ಕಟಕಟ ಮಾಡುತ್ತ ಬೀದಿ ಸುತ್ತುತ್ತಿದ್ದಾನೆ. ಪಕ್ಕದ ಮನೆಯವರು ಇನ್ನೂ ದೂರು ಕೊಟ್ಟಿಲ್ಲ.